ಮಾಲೆ: ಕಡಲನ್ನೇ ಕುಡಿಯುವ ನಗರ

ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಗುಡ್ಡವೂ ಇಲ್ಲ. ಸುಮಾರು 2 ಚದರ ಕಿಲೋಮೀಟರ್‌ನ ಈ ಹವಳದ ದ್ವೀಪದಲ್ಲಿ ಲಕ್ಷಕ್ಕೂ ಹೆಚ್ಚು ಜನ ಒತ್ತೊತ್ತಾಗಿ ಬದುಕುತ್ತಾರೆ. ನಲ್ಲಿ ತಿರುಗಿಸಿದರೆ ಬರುವುದು ಉಪ್ಪು ತೆಗೆದ ಸಮುದ್ರದ ನೀರು.

ಹಿಂದೆ ಇಲ್ಲಿ ಮನೆಮನೆಗೂ ಬಾವಿಯಿತ್ತು. ಸಿಹಿನೀರು ಉಪ್ಪುನೀರಿಗಿಂತ ಹಗುರ. ಹಾಗಾಗಿ ಹವಳದ ಮರಳಿನಲ್ಲಿ ಇಂಗಿದ ಮಳೆನೀರು ಕಡಲ ನೀರಿನ ಮೇಲೆ ತೆಳ್ಳಗಿನ ಪದರವಾಗಿ ನಿಲ್ಲುತ್ತದೆ. ಕೆಲವೇ ಅಡಿ ತೋಡಿದರೆ ಆ ನೀರು ಸಿಗುತ್ತಿತ್ತು. ಜನ ಹೆಚ್ಚಿದಂತೆ ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚು ನೀರನ್ನು ಎತ್ತತೊಡಗಿದರು. ಪದರ ಸವೆದು ಕೆಳಗಿನ ಉಪ್ಪು ಮೇಲೇರಿತು. ಪಕ್ಕದ ಶೌಚಗುಂಡಿಗಳ ಕೊಳೆಯೂ ಬಾವಿಗೆ ಸೇರಿತು. 1978ರಲ್ಲಿ ಕಾಲರಾ ಹರಡಿದಾಗ ಬಾವಿಯ ಮೇಲಿನ ನಂಬಿಕೆಯೇ ಅಲುಗಿತು.

1988ರಲ್ಲಿ ಉಪ್ಪು ಬೇರ್ಪಡಿಸುವ ಯಂತ್ರ ಬಂತು. ಕಡಲ ನೀರನ್ನು ಭಾರೀ ಒತ್ತಡದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಹಾಯಿಸುವ ಈ ವಿಧಾನ ಮಾಲೆಯ ಜೀವ ಉಳಿಸಿತು. ಆದರೆ ಅದಕ್ಕೆ ಬೇಕಾದ ವಿದ್ಯುತ್ ಬಹುಪಾಲು ಡೀಸೆಲ್‌ನಿಂದ ಬರುತ್ತದೆ, ಡೀಸೆಲ್ ಹಡಗಿನಲ್ಲಿ ಬರುತ್ತದೆ. ಇಂಧನದ ಬೆಲೆ ಏರಿದರೆ ನೀರಿನ ಖರ್ಚೂ ಏರುತ್ತದೆ.

ಈ ವ್ಯವಸ್ಥೆ ಎಷ್ಟು ನಾಜೂಕು ಎಂಬುದು 2014ರ ಡಿಸೆಂಬರ್ 4ರಂದು ಗೊತ್ತಾಯಿತು. ನೀರಿನ ಘಟಕಕ್ಕೆ ಬೆಂಕಿ ಬಿದ್ದು ಇಡೀ ನಗರದ ನಲ್ಲಿಗಳು ಬತ್ತಿದವು. ಮರುದಿನವೇ ಭಾರತೀಯ ವಾಯುಪಡೆಯ ವಿಮಾನಗಳು ಕುಡಿಯುವ ನೀರು ಹೊತ್ತು ಇಳಿದವು. ಐಎನ್‌ಎಸ್ ಸುಕನ್ಯಾ ಮತ್ತು ಐಎನ್‌ಎಸ್ ದೀಪಕ್ ಹಡಗುಗಳೂ ನೀರು ತಂದವು. ‘ಆಪರೇಷನ್ ನೀರ್’ ಹೆಸರಿನ ಈ ನೆರವನ್ನು ಮಾಲೆ ಇಂದಿಗೂ ನೆನೆಯುತ್ತದೆ.

ದೂರದ ದ್ವೀಪಗಳ ಕಷ್ಟ ಬೇರೆ. ಅಲ್ಲಿ ಹಲವೆಡೆ ಮಳೆನೀರಿನ ಟ್ಯಾಂಕುಗಳೇ ಆಸರೆ. ವರ್ಷಾರಂಭದ ಒಣ ತಿಂಗಳುಗಳಲ್ಲಿ ಅವು ಖಾಲಿಯಾದರೆ ರಾಜಧಾನಿಯಿಂದ ದೋಣಿಯಲ್ಲಿ ನೀರು ಹೋಗಬೇಕು. 2004ರ ಸುನಾಮಿ ಅನೇಕ ದ್ವೀಪಗಳ ಅಂತರ್ಜಲವನ್ನು ಉಪ್ಪಾಗಿಸಿತ್ತು. ಭಾರತದ ಸಾಲದ ನೆರವಿನಲ್ಲಿ 28 ದ್ವೀಪಗಳಿಗೆ ರೂಪಿಸಿದ ನೀರು ಮತ್ತು ಒಳಚರಂಡಿ ಯೋಜನೆ 2024ರಲ್ಲಿ ಹಸ್ತಾಂತರವಾಯಿತು.

ಮಾಲೆಯ ಮೇಲೆ ವರ್ಷಕ್ಕೆ 2,000 ಮಿಲಿಮೀಟರ್‌ನ ಆಸುಪಾಸಿನಲ್ಲಿ ಮಳೆ ಸುರಿಯುತ್ತದೆ. ಕಾಂಕ್ರೀಟ್ ಹಾಸಿದ ನಗರದಲ್ಲಿ ಅದು ಇಂಗಲು ಜಾಗವೇ ಕಡಿಮೆ. ಯಂತ್ರವನ್ನು ಕೈಬಿಡುವ ಸ್ಥಿತಿಯಲ್ಲಿ ಈ ನಗರವಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಒಂದೇ ಮೂಲವನ್ನು ನಂಬಿ ಕೂರುವುದು ಅಪಾಯ. ತಾರಸಿಯ ಮಳೆನೀರನ್ನು ಹಿಡಿದಿಡುವುದು, ತುರ್ತಿಗೆಂದು ದೊಡ್ಡ ಸಂಗ್ರಹಾಗಾರ ಕಟ್ಟುವುದು, ಉಳಿದ ಅಂತರ್ಜಲವನ್ನು ಕೊಳೆಯಿಂದ ಕಾಪಾಡುವುದು, ಈ ಮೂರೂ ಯಂತ್ರದಷ್ಟೇ ಅಗತ್ಯ.