ನಿಮಗಿದು ಗೊತ್ತೆ?: ಕಿಡ್ನಿಯಲ್ಲೇ ಅಡಗಿರುವ ಬಿಕೆ ವೈರಸ್
ಬಿಕೆ ಎಂಬ ವೈರಸ್ ನಮ್ಮಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲೇ ತಗುಲಿ, ಸದ್ದಿಲ್ಲದೆ ಕಿಡ್ನಿಯಲ್ಲಿ ಬೀಡುಬಿಟ್ಟಿರುತ್ತದೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಇದರಿಂದ ತೊಂದರೆಯಿಲ್ಲ. 1971ರಲ್ಲಿ ಲಂಡನ್ನಿನಲ್ಲಿ, ಕಿಡ್ನಿ ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬರ ಮೂತ್ರದಲ್ಲಿ ಇದು ಮೊದಲು ಪತ್ತೆಯಾಗಿ ವರದಿಯಾಯಿತು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಕೊಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವಲ್ಲ, ಆಗ ಇದು ಎಚ್ಚೆತ್ತು ಆ ಕಿಡ್ನಿಯನ್ನೇ ಹಾಳುಮಾಡಬಲ್ಲದು. ಸಾಮಾನ್ಯವಾಗಿ ಜ್ವರವಿಲ್ಲ, ನೋವಿಲ್ಲ; ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ ಏರುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ. ಇದಕ್ಕೆಂದೇ ಖಚಿತ ಮದ್ದಿಲ್ಲ. ಅದೇ ಮಾತ್ರೆಗಳ ಪ್ರಮಾಣ ಇಳಿಸುವುದೇ ಮುಖ್ಯ ಚಿಕಿತ್ಸೆ; ಅತಿಯಾಗಿ ಇಳಿಸಿದರೆ ಕಿಡ್ನಿ ತಿರಸ್ಕೃತವಾಗುವ ಭಯ! ವೈದ್ಯರಿಗೂ ಇದು ಕತ್ತಿಯಂಚಿನ ನಡಿಗೆ. ಕಸಿ ಮಾಡಿಸಿಕೊಂಡವರು ಮಾತ್ರೆಯನ್ನು ತಾವಾಗಿ ಹೆಚ್ಚುಕಡಿಮೆ ಮಾಡದೆ, ಹೇಳಿದ ಸಮಯಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.