ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿದಿರಿ?

ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯೇ ರಾಷ್ಟ್ರಕೂಟರ ಮಯೂರಖಂಡಿ ಎನ್ನುವ ಇತಿಹಾಸಕಾರರಿದ್ದಾರೆ. ಆ ವಾದ ಅವರಿಗಿರಲಿ. ಇವತ್ತು ಈ ಊರಿನ ಒಂಬತ್ತನೇ ತರಗತಿ ಹುಡುಗಿಯ ಕಣ್ಣಿಗೆ ಬೀಳುವ ಉದ್ಯೋಗಗಳು ಯಾವುವು? ತೊಗರಿ, ಸೋಯಾ ಬೆಳೆಯುವ ಒಕ್ಕಲುತನ, ಮಾಸ್ತರಿಕೆ, ಅಂಗನವಾಡಿ, ಕಿರಾಣಿ ಅಂಗಡಿ, ಲಾರಿ, ಪೊಲೀಸು, ದವಾಖಾನೆಯ ನರ್ಸು. ಮನಃಶಾಸ್ತ್ರಜ್ಞರನ್ನು ಅವಳು ನೋಡಿದ್ದರೆ ಬಹುಶಃ ಸಿನಿಮಾದಲ್ಲಿ. ಅಲ್ಲಿ ಅವರು ಕನ್ನಡಕ ಹಾಕಿಕೊಂಡು ಎದುರಿಗಿದ್ದವರ ಮನಸ್ಸನ್ನು ಒಂದೇ ನೋಟದಲ್ಲಿ ಓದಿಬಿಡುತ್ತಾರೆ.

ಕಾಣದ ಕೆಲಸವನ್ನು ಬಯಸುವುದು ಕಷ್ಟ. ಮಕ್ಕಳು ವೃತ್ತಿಯನ್ನು ಆರಿಸಿಕೊಳ್ಳುವುದಕ್ಕಿಂತ ಬಹಳ ಮೊದಲೇ ಒಂದೊಂದನ್ನೇ ಕೈಬಿಡುತ್ತ ಬರುತ್ತಾರೆ ಎಂದು ಅಮೆರಿಕದ ಲಿಂಡಾ ಗಾಟ್‌ಫ್ರೆಡ್‌ಸನ್ 1981ರಲ್ಲಿ ವಾದಿಸಿದರು. ಇದು ಗಂಡಸರ ಕೆಲಸ, ಇದು ನಮ್ಮಂಥವರಿಗಲ್ಲ, ಇದು ಕೈಗೆ ಎಟುಕುವುದಲ್ಲ ಎಂದು ಪಟ್ಟಿ ಸಣ್ಣದಾಗುತ್ತ ಹೋಗುತ್ತದೆ. ಹತ್ತನೇ ತರಗತಿ ಮುಗಿದ ಮೇಲೆ ನಾವು ಕರೆದು ಕೊಡುವ ಮಾರ್ಗದರ್ಶನ ಆ ಹೊತ್ತಿಗೆ ಉಳಿದಿದ್ದರ ನಡುವೆ ಮಾತ್ರ ಆರಿಸಲು ನೆರವಾಗುತ್ತದೆ.

ಕಂಡರೆ ಬದಲಾಗುತ್ತದೆಯೇ? ಬದಲಾಗುತ್ತದೆ ಎನ್ನಲು ನಮ್ಮ ದೇಶದ ಹಳ್ಳಿಗಳಿಂದಲೇ ಒಳ್ಳೆಯ ಪುರಾವೆ ಇದೆ. ಪಶ್ಚಿಮ ಬಂಗಾಳದಲ್ಲಿ ಪಂಚಾಯಿತಿ ಮುಖ್ಯಸ್ಥರ ಸ್ಥಾನ ಮಹಿಳೆಯರಿಗೆ ಮೀಸಲಾಗುವುದು ಸರದಿಯಂತೆ, ಯಾರ ಇಷ್ಟಾನಿಷ್ಟದಿಂದಲೂ ಅಲ್ಲ. ಹಾಗಾಗಿ ಅದು ತಾನಾಗಿಯೇ ಒಂದು ಪ್ರಯೋಗವಾಯಿತು. ಲೋರಿ ಬೀಮನ್, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಲ್ಲಿನ 495 ಹಳ್ಳಿಗಳನ್ನು ಅಧ್ಯಯನ ಮಾಡಿ 2012ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಎರಡು ಅವಧಿಗೆ ಮಹಿಳೆಯೇ ಮುಖ್ಯಸ್ಥೆಯಾಗಿದ್ದ ಹಳ್ಳಿಗಳಲ್ಲಿ ಹುಡುಗ ಹುಡುಗಿಯರ ಭವಿಷ್ಯದ ಆಸೆಗಳ ನಡುವಿನ ಅಂತರ ಶೇ 32ರಷ್ಟು ಕಡಿಮೆಯಾಗಿತ್ತು. ಅಪ್ಪ ಅಮ್ಮಂದಿರ ಲೆಕ್ಕಾಚಾರವೂ ಬದಲಾಗಿತ್ತು. ಯಾರೂ ಭಾಷಣ ಮಾಡಿರಲಿಲ್ಲ. ಊರಿನ ಒಬ್ಬ ಹೆಂಗಸು ಕಚೇರಿಯ ಕುರ್ಚಿಯಲ್ಲಿ ಕೂತಿದ್ದು ಎಲ್ಲರ ಕಣ್ಣಿಗೆ ಬಿದ್ದಿತ್ತು, ಅಷ್ಟೇ.

ಹಾಗಾದರೆ ದೊಡ್ಡವರ ಸಾಧನೆ ಹೇಳಿದರೆ ಸಾಕೇ? ಮನಃಶಾಸ್ತ್ರದಲ್ಲಿ ನಮ್ಮಲ್ಲಿ ದೊಡ್ಡವರಿಗೆ ಕೊರತೆಯಿಲ್ಲ. ಲಂಡನ್ನಿನಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಶುರು ಮಾಡಿದವರೂ ಅವರೇ. ಮಂಗಳೂರಿನಲ್ಲಿ ಹುಟ್ಟಿದ ಶಾರದಾ ಮೆನನ್ ದೇಶದ ಮೊದಲ ಮಹಿಳಾ ಮನೋವೈದ್ಯೆ. ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳು ಹಳ್ಳಿ ಲೈಬ್ರರಿಗಳಲ್ಲೂ ಸಿಗುತ್ತವೆ. ಆದರೆ ಇಂಥ ದೊಡ್ಡ ಉದಾಹರಣೆಗಳ ಬಗ್ಗೆ ಪೆನೆಲೋಪ್ ಲಾಕ್‌ವುಡ್ ಮತ್ತು ಜೀವಾ ಕುಂದಾ 1997ರಲ್ಲಿ ಒಂದು ಎಚ್ಚರಿಕೆ ಕೊಟ್ಟರು. ಲೆಕ್ಕಶಾಸ್ತ್ರ ಓದುತ್ತಿದ್ದ ವಿದ್ಯಾರ್ಥಿಗಳಿಗೆ ಅದೇ ಕ್ಷೇತ್ರದ ಒಬ್ಬ ಮಹಾಸಾಧಕರ ಬಗ್ಗೆ ಓದಲು ಕೊಟ್ಟಾಗ, ಮೊದಲ ವರ್ಷದವರು ಹುರುಪುಗೊಂಡರು. ಕೊನೆಯ ವರ್ಷದವರ ಮೇಲೆ ಅಂಥ ಪರಿಣಾಮ ಆಗಲಿಲ್ಲ, ಅಷ್ಟು ಎತ್ತರಕ್ಕೆ ಏರಲು ತಮಗೆ ಇನ್ನು ಸಮಯವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನನಗೂ ಆದೀತು ಎನ್ನಿಸಿದರೆ ಮಾತ್ರ ಮಾದರಿ ಕೆಲಸ ಮಾಡುತ್ತದೆ. ನನ್ನ ಮಟ್ಟಿಗೆ, ಮೋರಖಂಡಿಯ ಹುಡುಗಿಗೆ ಪದ್ಮಶ್ರೀ ಪುರಸ್ಕೃತರಿಗಿಂತ, ಹುಮನಾಬಾದಿನಲ್ಲಿ ಓದಿ ಕಲಬುರಗಿಯಲ್ಲಿ ಎಂ.ಎ. ಮಾಡಿ ನಾಲ್ಕು ವರ್ಷದಿಂದ ಕೆಲಸದಲ್ಲಿರುವ ಅಕ್ಕನೊಬ್ಬಳು ಹೆಚ್ಚು ಉಪಯುಕ್ತ.

ಅಂಥವರು ಎಲ್ಲಿದ್ದಾರೆ? ಬೆಂಗಳೂರಿಗೆ ಹೋಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ ಎಂಬ ವ್ಯವಸ್ಥೆ ಇದೆ, ಎಚ್‌ಐವಿ ಪರೀಕ್ಷಾ ಕೇಂದ್ರಗಳಲ್ಲಿ ಆಪ್ತಸಮಾಲೋಚಕರಿರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಬೀದರಿನಿಂದ ಕೆಲಸ ಮಾಡುತ್ತದೆ. ಈ ಕಾರ್ಯಕ್ರಮದ ಬೇರು ನಮ್ಮದೇ ರಾಜ್ಯದ ಬಳ್ಳಾರಿಯಲ್ಲಿದೆ: 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವನ್ನೇ ಕೇಂದ್ರ ಸರ್ಕಾರ 1996ರಲ್ಲಿ ದೇಶದ ಮಾದರಿಯಾಗಿ ತೆಗೆದುಕೊಂಡಿತು. ಮಹಿಳೆಯರ ಸಾಂತ್ವನ ಕೇಂದ್ರ, ಕೌಟುಂಬಿಕ ನ್ಯಾಯಾಲಯ, ವಿಶೇಷ ಮಕ್ಕಳ ಶಾಲೆಗಳಲ್ಲೂ ಈ ವಿದ್ಯೆ ಬಲ್ಲವರು ಸಿಗುತ್ತಾರೆ.

ಇಂಥವರನ್ನು ಭೇಟಿಯಾದಾಗ ಮಕ್ಕಳು ಸಾಮಾನ್ಯವಾಗಿ ಕೇಳುವುದು ಎರಡೇ: ಯಾವ ಕೋರ್ಸು, ಎಷ್ಟು ಪಗಾರ? ಕೇಳಲಿ, ತಪ್ಪಿಲ್ಲ. ಆದರೆ ಇವಕ್ಕಿಂತ ಬೆಲೆಯುಳ್ಳ ಪ್ರಶ್ನೆ ಬೇರೆ ಇದೆ: ‘ಮೇಡಮರೇ, ನಿನ್ನೆ ಮುಂಜಾನೆಯಿಂದ ಸಂಜಿತನಕ ಏನೇನ್ ಮಾಡಿದ್ರಿ?’ ಏಕೆ ಗೊತ್ತೇ? ಹಾರ್ವರ್ಡಿನ ಡೇನಿಯಲ್ ಗಿಲ್ಬರ್ಟ್ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ಯುವತಿಯರು ಅಪರಿಚಿತ ಯುವಕನೊಂದಿಗೆ ಸ್ವಲ್ಪ ಹೊತ್ತು ಮಾತಾಡಬೇಕಿತ್ತು; ಅದು ಎಷ್ಟು ಖುಷಿ ಕೊಟ್ಟೀತು ಎಂದು ಮೊದಲೇ ಊಹಿಸಬೇಕಿತ್ತು. ಕೆಲವರಿಗೆ ಅವನ ಫೋಟೊ, ವಿವರ ಸಿಕ್ಕಿತು. ಉಳಿದವರಿಗೆ, ಹಿಂದೆ ಅವನನ್ನು ಭೇಟಿಯಾದ ಒಬ್ಬಳು ಎಷ್ಟು ಖುಷಿಪಟ್ಟಳು ಎಂಬ ಮಾಹಿತಿ ಮಾತ್ರ. ಎರಡನೆಯವರ ಊಹೆಯ ತಪ್ಪು ಸುಮಾರು ಅರ್ಧದಷ್ಟು ಕಡಿಮೆ. ವಿಚಿತ್ರವೆಂದರೆ, ಹೆಚ್ಚಿನವರು ಆಮೇಲೂ ಫೋಟೊ, ವಿವರವೇ ಮೇಲು ಎಂದರು. ಕಾಲೇಜಿನ ಬಣ್ಣದ ಕಿರುಹೊತ್ತಿಗೆಯನ್ನು ನಾವು ನಂಬುವುದೂ ಹೀಗೆಯೇ. ಮುಂದೆ ನನಗೆ ಏನು ಹಿಡಿಸೀತು ಎಂದು ಕೂತು ಕಲ್ಪಿಸಿಕೊಳ್ಳುವುದಕ್ಕಿಂತ, ಅದನ್ನು ಈಗ ಮಾಡುತ್ತಿರುವವರಿಗೆ ಹೇಗನ್ನಿಸುತ್ತಿದೆ ಎಂದು ಕೇಳುವುದು ಲೇಸು.

‘ನಿನ್ನೆ’ಯ ಉತ್ತರದಲ್ಲಿ ರಿಜಿಸ್ಟರು ತುಂಬುವುದು ಬರುತ್ತದೆ, ಬಾರದೇ ಹೋದ ರೋಗಿಗೆ ಫೋನ್ ಮಾಡಿದ್ದು ಬರುತ್ತದೆ, ಮಾತೇ ಆಡದೆ ಅರ್ಧ ಗಂಟೆ ಎದುರಿಗೆ ಕೂತವರು ಬರುತ್ತಾರೆ. ‘ಯಾರು ಬಂದಿದ್ರು, ಏನಾಗಿತ್ತು?’ ಎಂದು ಮುಂದುವರಿಸಿದರೆ ಮೇಡಮರು ನಕ್ಕು ಸುಮ್ಮನಾಗುತ್ತಾರೆ, ಆಗಲೇಬೇಕು. ಚಿಕಿತ್ಸೆಯ ಗುಟ್ಟು ಗುಟ್ಟಾಗಿಯೇ ಉಳಿಯುವುದು ರೋಗಿಯ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಎಲ್ಲರಿಗೂ ಎಲ್ಲರ ಮನೆ ವಿಷಯ ಗೊತ್ತಿರುವ ಊರಿನಲ್ಲಿ ಬಾಯಿ ಬಿಗಿಹಿಡಿದು ಬದುಕುವುದು ಈ ಕೆಲಸದ ನಿಜವಾದ ಕಷ್ಟ. ಪಠ್ಯಪುಸ್ತಕ ಅದನ್ನು ಹೇಳಿಕೊಡುವುದಿಲ್ಲ.

ಈ ವೃತ್ತಿಗಳ ಹೆಸರುಗಳ ಗೊಂದಲವೂ ಇಂಥ ಮಾತುಕತೆಯಲ್ಲೇ ಬಗೆಹರಿಯುತ್ತದೆ. ಮನೋವೈದ್ಯರೆಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ಡಾಕ್ಟರು, ಔಷಧ ಬರೆಯುತ್ತಾರೆ. ಚಿಕಿತ್ಸಾ ಮನಃಶಾಸ್ತ್ರಜ್ಞರು ಪರೀಕ್ಷೆ ಮಾಡುತ್ತಾರೆ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಸಮಾಜಕಾರ್ಯ ಓದಿ ಬಂದವರು ಕುಟುಂಬದ ಕಡೆ ನೋಡುತ್ತಾರೆ. ಪಿಯುಸಿಯಲ್ಲಿ ಕಲಾ ವಿಭಾಗ ತೆಗೆದುಕೊಂಡರೂ ಮನಃಶಾಸ್ತ್ರದ ದಾರಿ ಮುಚ್ಚುವುದಿಲ್ಲ. ಕೋರ್ಸುಗಳ ಹೆಸರು, ಅವಧಿ ಈಚೆಗೆ ಬದಲಾಗುತ್ತಿರುವುದರಿಂದ ಹೊಸದಾಗಿ ಸೇರಿದವರನ್ನು ಕೇಳುವುದು ಕ್ಷೇಮ.

ಭಾಷೆಯ ವಿಷಯದಲ್ಲಂತೂ ಮೋರಖಂಡಿಯಂಥ ಗಡಿಭಾಗದ ಮಕ್ಕಳು ಉಳಿದವರಿಗಿಂತ ಮುಂದಿದ್ದಾರೆ. ಮಕ್ಕಳ ಬುದ್ಧಿಮಟ್ಟ ಅಳೆಯಲು ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆ ಹುಟ್ಟಿದ್ದು ಧಾರವಾಡದಲ್ಲಿ. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ವಿ.ವಿ. ಕಾಮತ್ 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿದರು. ಮಗುವಿಗೆ ಪ್ರಶ್ನೆಯ ಭಾಷೆಯೇ ತಿಳಿಯದಿದ್ದರೆ ಅಳೆದದ್ದು ಬುದ್ಧಿಯನ್ನಲ್ಲ ಎಂಬ ಸರಳ ತಿಳಿವಳಿಕೆ ಅದರ ಹಿಂದಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳತಿಯ ಜೊತೆ ದಖ್ಖನಿ ಎಂದು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭೇಟಿಯಲ್ಲಿ ಕೇಳಲು ಇದೂ ಒಂದು ಒಳ್ಳೆಯ ಪ್ರಶ್ನೆ: ದಿನಕ್ಕೆ ಎಷ್ಟು ಭಾಷೆಯಲ್ಲಿ ಮಾತಾಡಬೇಕಾಗುತ್ತದೆ, ಅಳು ಯಾವ ಭಾಷೆಯಲ್ಲಿ ಬರುತ್ತದೆ?

ಇಂಥ ಭೇಟಿಗೆ ಶಾಲೆಯಿಂದ ಹೋಗುವುದಾದರೆ ಮುಖ್ಯಗುರುಗಳು ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ ಮೊದಲೇ ಒಂದು ಪತ್ರ ಬರೆಯಬೇಕು. ಬೆಳಗಿನ ಓಪಿಡಿ ಹೊತ್ತು ಬೇಡ. ಗದ್ದಲ ಇಳಿದ ಮೇಲೆ, ಮಧ್ಯಾಹ್ನ, ನಾಲ್ಕೈದು ಮಕ್ಕಳಷ್ಟೇ. ನಲವತ್ತು ಮಂದಿ ಒಟ್ಟಿಗೆ ಹೋದರೆ ಅದು ಮತ್ತೆ ಭಾಷಣವಾಗಿಬಿಡುತ್ತದೆ.