ಶೀತಲಾ ದೇವಿಯ ಊರಿನಲ್ಲಿ ಸೊಳ್ಳೆಯ ಲೆಕ್ಕ

ಕಸ್ಬಾದ ಬೋಸ್‌ಪುಕುರ್ ಶೀತಲಾ ಮಂದಿರದ ಪೂಜಾ ಪೆಂಡಾಲು ನಿಮಗೆ ಗೊತ್ತೇ ಇದೆ. 2001ರಲ್ಲಿ ಚಹಾದ ಮಣ್ಣಿನ ಭಾಂಡ್‌ಗಳಿಂದಲೇ ಪೆಂಡಾಲು ಕಟ್ಟಿ ಇಡೀ ನಗರವನ್ನು ಸಾಲಿನಲ್ಲಿ ನಿಲ್ಲಿಸಿದವರು ಅವರೇ. ಆದರೆ ಈ ಶೀತಲಾ ಯಾರೆಂದು ಎಂದಾದರೂ ವಿಚಾರಿಸಿದ್ದೀರಾ? ಸಿಡುಬಿನ ದೇವಿ. ಕತ್ತೆಯ ಮೇಲೆ ಕುಳಿತು ಪೊರಕೆ, ನೀರಿನ ಕೊಡ ಹಿಡಿದವಳು. ನಮ್ಮ ಮಾರಮ್ಮನ ಬಂಗಾಳಿ ತಂಗಿ ಎನ್ನಿ. ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಿದ್ದಾಳೆ" ಎಂದು ನಮ್ಮ ಅಜ್ಜಿಯರು ಬೇವಿನ ಸೊಪ್ಪು ಇಡುತ್ತಿದ್ದರು. ಬೇವು ಇಲ್ಲಿಯೂ ಅದೇ.

ಆ ಸಿಡುಬು ಈಗಿಲ್ಲ. ಲಸಿಕೆಯೇನೋ ಭಾರತಕ್ಕೆ 1802ರಲ್ಲೇ ಬಂದಿತ್ತು. ರೋಗ ಮಾತ್ರ ಇನ್ನೂ ನೂರೆಪ್ಪತ್ತು ವರ್ಷ ಕಾಡಿತು. ಕೊನೆಗೆ ಅದನ್ನು ಓಡಿಸಿದ್ದು ಲಸಿಕೆಯ ಜೊತೆಗೆ ಹುಡುಕಾಟ. 1970ರ ದಶಕದಲ್ಲಿ ಕಾರ್ಯಕರ್ತರು ಸಿಡುಬಾದ ಮಗುವಿನ ಚಿತ್ರ ಹಿಡಿದು ಮನೆಮನೆ ತಿರುಗಿ, "ಇಂಥವರನ್ನು ಕಂಡಿರಾ?" ಎಂದು ಕೇಳಿದರು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ರೋಗಿ ಸಿಕ್ಕರೆ ಅವರನ್ನು ಬೇರೆಯಾಗಿಟ್ಟು ಸುತ್ತಲಿನವರಿಗೆಲ್ಲ ಲಸಿಕೆ. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್ ರೈಲು ನಿಲ್ದಾಣದಲ್ಲಿ ಭಾರತದ ಕೊನೆಯ ಪ್ರಕರಣ ಪತ್ತೆಯಾಯಿತು. 1980ರಲ್ಲಿ ಜಗತ್ತೇ ಮುಕ್ತವೆಂದು ಘೋಷಣೆಯಾಯಿತು.

ನಮ್ಮ ಮಲೆನಾಡಿನಲ್ಲಿ ಸುಳಿವು ಕೊಡುವುದು ಮಂಗ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನರಿಗೂ ಜ್ವರ. ಉಣ್ಣೆಯಿಂದ ಹರಡುವ ಆ ವೈರಸ್ಸಿಗೆ ಕಾಡಿನ ಹೆಸರೇ ಉಳಿಯಿತು. ಇಂದಿಗೂ ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕಸ್ಬಾದಲ್ಲಿ ಮಂಗವಿಲ್ಲ, ಹೂಕುಂಡವಿದೆ! ದೇಶದಲ್ಲಿ ರಕ್ತಸ್ರಾವದ ಡೆಂಗ್ಯೂ ಮೊದಲ ಬಾರಿಗೆ ದೊಡ್ಡದಾಗಿ ಹರಡಿದ್ದು 1963ರಲ್ಲಿ, ಇದೇ ಕಲ್ಕತ್ತೆಯಲ್ಲಿ. ಈಡಿಸ್ ಸೊಳ್ಳೆ ಚರಂಡಿಗಿಂತ ನಿಂತ ಶುಭ್ರ ನೀರನ್ನೇ ಇಷ್ಟಪಡುತ್ತದೆ, ಹಗಲಿನಲ್ಲೇ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳೆಂಟು ದಿನ ಸಾಕು; ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆದ್ದರಿಂದ ನೀರು ಚೆಲ್ಲಿದರೆ ಸಾಲದು, ಪಾತ್ರೆಯ ಒಳಬದಿ ಉಜ್ಜಬೇಕು. ಪೆಂಡಾಲಿನ ಬಿದಿರಿನ ತುದಿಯ ಟೊಳ್ಳಿನಲ್ಲೂ ಮಳೆನೀರು ನಿಲ್ಲುತ್ತದೆ. ಅದಕ್ಕೇ ಮರಳು ತುಂಬಿ ಮುಚ್ಚಿ ಎನ್ನುವುದು. ನಿಮ್ಮ ಪಾಡಾದ ಕ್ಲಬ್ಬಿನವರು ಮುಚ್ಚಿದ್ದಾರೆಯೇ, ನೋಡಿದ್ದೀರಾ?

ನಗರಪಾಲಿಕೆಯ ಕಾರ್ಯಕರ್ತೆ ಬಾಗಿಲು ತಟ್ಟಿ "ಯಾರಿಗಾದರೂ ಜ್ವರವಿದೆಯೇ?" ಎನ್ನುವುದು ಅದೇ ಹಳೆಯ ಹುಡುಕಾಟ. ನಮ್ಮ ಅನೇಕ ಮನೆಗಳಲ್ಲಿ ಬಾಂಗ್ಲಾ ಸರಿಯಾಗಿ ಬಾರದ ಅಮ್ಮ "ನಾ, ನಾ" ಎಂದು ಕಳುಹಿಸಿಬಿಡುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮನೆಯ ಜ್ವರ ಸೇರುವುದೇ ಇಲ್ಲ. ಪಕ್ಕದ ಮನೆಯ ಮಗುವಿಗೆ ಎಚ್ಚರಿಕೆಯೂ ಸಿಗುವುದಿಲ್ಲ. ಬಾಂಗ್ಲಾ ನಿಮಗೆ ನೀರು ಕುಡಿದಷ್ಟು ಸುಲಭ. ಬಾಗಿಲಿಗೆ ನೀವು ಹೋಗಿ, ತಾರಸಿಯ ಟ್ಯಾಂಕನ್ನೂ ನೀವೇ ತೋರಿಸಿ.

ಜ್ವರ ಬಂದರೆ ಮೊದಲ ಐದು ದಿನಗಳಲ್ಲಿ ಎನ್‌ಎಸ್‌-1 ಪರೀಕ್ಷೆ, ಆಮೇಲೆ ಐಜಿಎಂ. ಪಾಲಿಕೆಯ ವಾರ್ಡ್ ಆರೋಗ್ಯ ಕೇಂದ್ರಗಳಲ್ಲಿ ಡೆಂಗ್ಯೂ ಪರೀಕ್ಷೆ ಉಚಿತ. ಪ್ಯಾರಾಸಿಟಮಾಲ್ ಸರಿ, ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವ ಹೆಚ್ಚುತ್ತದೆ. ಜ್ವರ ಇಳಿಯಿತೆಂದು ಎಲ್ಲರೂ ಉಸಿರು ಬಿಡುವ ದಿನವೇ ಅಪಾಯದ ದಿನವಾಗಬಹುದು. ಆಗ ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಹೊರಡಿ.